ವಿಷದ ಗುಳಿಗೆಗೆ ಮೊದಲು ಹುಳುವಿನ ಗುರುತು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಓಕ್ಲ್ಯಾಂಡ್‌ನಲ್ಲಿ ಚಳಿಗಾಲದ ಮಳೆ ಹಿಡಿದೊಡನೆ ಹಿತ್ತಿಲ ಗೋಡೆ, ನಿಂಬೆ ಗಿಡ, ಸೊಪ್ಪಿನ ಮಡಿಗಳ ಮೇಲೆಲ್ಲ ಕಂದು ಬಸವನಹುಳುಗಳು ಹರಿದಾಡುತ್ತವೆ. ಅವನ್ನು ಕೊಲ್ಲುವ ಗುಳಿಗೆಗಳು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಜನ ತಂದು ಗಿಡದ ಬುಡಕ್ಕೆ ಚೆಲ್ಲುತ್ತಾರೆ. ಈ ಕಂದು ಹುಳು ಕ್ಯಾಲಿಫೋರ್ನಿಯಾದ್ದಲ್ಲ. ಚಿನ್ನ ಸಿಕ್ಕಿತೆಂದು ಜಗತ್ತಿನ ಜನರೆಲ್ಲ ಅತ್ತ ನುಗ್ಗುತ್ತಿದ್ದ 1850ರ ದಶಕದಲ್ಲಿ ತಿನ್ನುವುದಕ್ಕೆಂದು ಯುರೋಪಿನಿಂದ ತಂದದ್ದು, ತೋಟಗಳಿಗೆ ದಾಟಿ ಹರಡಿಕೊಂಡಿತು. ಆ ನೆಲದವೇ ಆದ ಬಸವನಹುಳುಗಳು ಬೇರೆ ಇವೆ. ಶೋಲ್ಡರ್‌ಬ್ಯಾಂಡ್ ಎಂಬ ಗುಂಪಿನ ಈ ಹುಳುಗಳಿಗೆ ಚಿಪ್ಪಿನ ಸುರುಳಿಯ ಹೆಗಲಿನುದ್ದಕ್ಕೂ ಒಂದು ಗಾಢ ಪಟ್ಟಿ. ಅವುಗಳಲ್ಲೊಂದಾದ ಬ್ರಿಜಸ್ ಕೋಸ್ಟ್ ರೇಂಜ್ ಶೋಲ್ಡರ್‌ಬ್ಯಾಂಡ್, ಓಕ್ಲ್ಯಾಂಡ್ ಸೇರಿರುವ ಅಲಮೀಡಾ ಕೌಂಟಿ ಮತ್ತು ಪಕ್ಕದ ಕಾಂಟ್ರಾ ಕೋಸ್ಟಾ ಕೌಂಟಿಗಳ ಹುಲ್ಲುಗುಡ್ಡಗಳಲ್ಲಿ, ಕಲ್ಲುಗಳ ಅಡಿಯಲ್ಲಿ ಬಾಳುತ್ತದೆ. ವಿಷದ ಗುಳಿಗೆಗೆ ಇವೆರಡರ ವ್ಯತ್ಯಾಸ ತಿಳಿಯದು, ಅದನ್ನು ಚೆಲ್ಲುವವರಿಗೂ ತಿಳಿಯದು. ಬಸವನಹುಳುವನ್ನು ಪೀಡೆಯೆಂದಷ್ಟೇ ಬಲ್ಲ ಸಮಾಜ ತನ್ನ ನೆಲದ ಹುಳುಗಳನ್ನು ಅರಿಯದೆಯೇ ಕೊಲ್ಲುತ್ತದೆ. ಆದ್ದರಿಂದ ಗುರುತು ಹಿಡಿಯುವ, ಪಟ್ಟಿ ಮಾಡುವ, ಕಾನೂನಿನ ಆಸರೆ ಕೊಡುವ ಕೆಲಸ ವಿಷಕ್ಕಿಂತ ಮೊದಲು ಆಗಬೇಕು. ಈ ಮಾತು ಓಕ್ಲ್ಯಾಂಡ್‌ಗೆ ಎಷ್ಟು ಸಲ್ಲುತ್ತದೋ ನಮ್ಮ ಕೊಡಗು, ಮಲೆನಾಡುಗಳಿಗೂ ಅಷ್ಟೇ ಸಲ್ಲುತ್ತದೆ.

ಈ ಅರಿವುಗೇಡು ಆ ಊರಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಓಕ್ಲ್ಯಾಂಡ್‌ನ ಮಿಲ್ಸ್ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜೊಸಾಯಾ ಕೀಪ್ 1887ರಲ್ಲಿ ‘ವೆಸ್ಟ್ ಕೋಸ್ಟ್ ಶೆಲ್ಸ್’ ಎಂಬ ಪುಸ್ತಕ ಬರೆದರು. ಕಡಲ ಚಿಪ್ಪುಗಳ ಜೊತೆಗೆ ಸಿಹಿನೀರಿನ ಮತ್ತು ನೆಲದ ಬಸವನಹುಳುಗಳನ್ನೂ ಸಾಮಾನ್ಯ ಓದುಗರಿಗೆ ಪರಿಚಯಿಸಿದ ಪುಸ್ತಕ ಅದು. ಮತ್ತೆ ಮತ್ತೆ ಪರಿಷ್ಕರಣೆಗೊಂಡು ಮುದ್ರಣವಾಯಿತು. ಅಂದರೆ, ಊರಿನ ಹುಳುಗಳನ್ನು ಹೆಸರು ಹಿಡಿದು ಕರೆಯುವುದು ವಿದ್ಯಾವಂತರ ಸಾಮಾನ್ಯ ಜ್ಞಾನವಾಗಬೇಕು ಎಂದು ನಂಬಿದ ಒಬ್ಬ ಮೇಷ್ಟರಾದರೂ ಅಲ್ಲಿದ್ದರು. ಮಿಲ್ಸ್ ಕಾಲೇಜು 2022ರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ವಿಲೀನವಾಯಿತು. ಆ ಬಗೆಯ ಪಾಠ ಅದಕ್ಕೂ ಎಷ್ಟೋ ಮೊದಲೇ ಜಗತ್ತಿನ ಬಹುಪಾಲು ಕಾಲೇಜುಗಳಿಂದ ಮರೆಯಾಗಿತ್ತು. ಜೀವವಿಜ್ಞಾನ ಜೀವಕೋಶದ ಒಳಗೆ, ಅಣುವಿನ ಒಳಗೆ ಇಳಿದು ಬೆಳೆದದ್ದು ದೊಡ್ಡ ಸಾಧನೆಯೇ. ಆದರೆ ತರಗೆಲೆ ಮಗುಚಿ ನೋಡಿ ‘ಇದು ಇಂಥದು’ ಎನ್ನಬಲ್ಲವರು ಕಡಿಮೆಯಾದರು. ಆ ನಷ್ಟವನ್ನು ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಹುಳುವಿನ ಹೆಸರು ತಿಳಿದು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 1500ನೇ ಇಸವಿಯಿಂದೀಚೆಗೆ ಅಳಿದುಹೋದವೆಂದು ದಾಖಲಾದ ಪ್ರಾಣಿ ಜಾತಿಗಳಲ್ಲಿ ಶೇ 42ರಷ್ಟು ಮೃದ್ವಂಗಿಗಳು. ಅವುಗಳಲ್ಲೂ ಬಹುಪಾಲು ಬಸವನಹುಳುಗಳೇ. ಹಕ್ಕಿಗಳೂ ಸ್ತನಿಗಳೂ ಒಟ್ಟು ಸೇರಿದರೂ ಅಷ್ಟಾಗುವುದಿಲ್ಲ. ಬಸವನಹುಳುಗಳು ಹೋದರೆ ಆಗುವುದೇನೆಂಬುದಕ್ಕೆ ಹಾಲೆಂಡ್‌ನಿಂದ ಸ್ಪಷ್ಟ ಉತ್ತರ ಬಂದಿದೆ. ಆಮ್ಲಮಳೆಯಿಂದ ಮಣ್ಣಿನ ಸುಣ್ಣದ ಅಂಶ ಕರಗಿಹೋದ ಕಾಡುಗಳಲ್ಲಿ ಬಸವನಹುಳುಗಳು ಕಡಿಮೆಯಾದವು. ಅವುಗಳ ಚಿಪ್ಪಿನಿಂದಲೇ ಸುಣ್ಣ ಪಡೆಯುತ್ತಿದ್ದ ಪುಟ್ಟ ಹಕ್ಕಿಗಳು ತೆಳುಚಿಪ್ಪಿನ, ಒಡೆದುಹೋಗುವ ಮೊಟ್ಟೆಗಳನ್ನಿಟ್ಟವು. ಇದು 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ. ಮುಂಗಾರಿನ ಮುಂಚಿನ ರಾತ್ರಿಗಳಲ್ಲಿ ಮಲೆನಾಡಿನ ಮರಗಳನ್ನು ಬೆಳಗುವ ಮಿಂಚುಹುಳುಗಳನ್ನು ನೋಡಿ ಹಿಗ್ಗುವ ನಾವು, ಅವುಗಳ ಮರಿಹುಳುಗಳು ಬಸವನಹುಳುಗಳನ್ನು ತಿಂದು ಬೆಳೆಯುತ್ತವೆ ಎಂಬುದನ್ನೂ ನೆನೆಯಬೇಕು.

ಪೀಡೆಯ ಹುಳುವನ್ನು ಹಿಮ್ಮೆಟ್ಟಿಸಲು ಮನುಷ್ಯ ಹೂಡಿದ ಉಪಾಯಗಳ ಚರಿತ್ರೆ ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಆಫ್ರಿಕಾದ ದೈತ್ಯ ಬಸವನಹುಳುವಿನ ಹಾವಳಿ ತಡೆಯಲೆಂದು 1955ರಲ್ಲಿ ಹವಾಯಿ ದ್ವೀಪಗಳಿಗೆ ಯೂಗ್ಲ್ಯಾಂಡಿನಾ ಎಂಬ, ಬಸವನಹುಳುಗಳನ್ನೇ ಬೇಟೆಯಾಡುವ ಬಸವನಹುಳುವನ್ನು ತಂದುಬಿಟ್ಟರು. ದೈತ್ಯನಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. ದ್ವೀಪದ ಮರಗಳಲ್ಲಿ ಬಾಳುತ್ತಿದ್ದ ಬಣ್ಣಬಣ್ಣದ ಸ್ಥಳೀಯ ಹುಳುಗಳು ಒಂದೊಂದಾಗಿ ಇಲ್ಲವಾದವು. ಅಂಥದ್ದೊಂದು ಜಾತಿಯ ಕೊನೆಯ ಜೀವ, ಸಾಕಿದವರು ಜಾರ್ಜ್ ಎಂದು ಕರೆಯುತ್ತಿದ್ದ ಹುಳು, 2019ರ ಜನವರಿ 1ರಂದು ಸತ್ತಿತು. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಲ್ಲಿ 1977ರಲ್ಲಿ ಇದೇ ತಪ್ಪು ನಡೆದು, ಹತ್ತು ವರ್ಷಗಳೊಳಗೆ ಅಲ್ಲಿನ ಪಾರ್ಟುಲಾ ಹುಳುಗಳೆಲ್ಲ ಕಾಡಿನಿಂದ ಅಳಿದವು. ಕ್ಯಾಲಿಫೋರ್ನಿಯಾದಲ್ಲೂ ಕಿತ್ತಳೆ ತೋಟಗಳ ಕಂದು ಹುಳುವಿನ ವಿರುದ್ಧ ಡಿಕೋಲೇಟ್ ಎಂಬ ಬೇಟೆ ಬಸವನಹುಳುವನ್ನು 1970ರ ದಶಕದಿಂದ ಬಳಸುತ್ತಾರೆ. ಆದರೆ ಅಲ್ಲಿ ಒಂದು ವಿವೇಕ ಕೆಲಸ ಮಾಡಿದೆ. ಅಪಾಯದಲ್ಲಿರುವ ಸ್ಥಳೀಯ ಜಾತಿಗಳಿಗೆ ಪೆಟ್ಟಾದೀತೆಂದು ಅದನ್ನು ರಾಜ್ಯದ ದಕ್ಷಿಣ ಮತ್ತು ಮಧ್ಯಭಾಗದ ಕೆಲವೇ ಕೌಂಟಿಗಳಿಗೆ ಸೀಮಿತಗೊಳಿಸಿದ್ದಾರೆ. ಅಲಮೀಡಾ ಕೌಂಟಿಯಲ್ಲಿ ಅದಕ್ಕೆ ಅನುಮತಿಯಿಲ್ಲ. ಸ್ಥಳೀಯ ಹುಳು ಯಾವುದು, ಎಲ್ಲಿದೆ ಎಂದು ಯಾರೋ ಮೊದಲೇ ಬರೆದಿಟ್ಟಿದ್ದರಿಂದಲೇ ಇಂಥ ಗೆರೆ ಎಳೆಯಲು ಸಾಧ್ಯವಾಯಿತು. ಪಟ್ಟಿಯಿಲ್ಲದ ಊರಿನಲ್ಲಿ ಯಾವ ಅಧಿಕಾರಿ ಯಾವ ಆಧಾರದ ಮೇಲೆ ಬೇಡ ಎನ್ನಬೇಕು?

ನೀರಿನ ಕತೆಯೂ ಇದಕ್ಕಿಂತ ಬೇರೆಯಲ್ಲ. ಏಷ್ಯಾದ ದೊಡ್ಡ ಸಿಹಿನೀರಿನ ಬಸವನಹುಳು ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಾರುಕಟ್ಟೆಯಲ್ಲಿ ಮಾರಾಟಕ್ಕಿತ್ತೆಂದು 1892ರಲ್ಲೇ ದಾಖಲಾಗಿದೆ. ಇಂದು ಅದು ಅಮೆರಿಕದ ಎಷ್ಟೋ ಕೆರೆಗಳಲ್ಲಿದೆ. ಅಕ್ಕಿಕಾಳಿನಷ್ಟೇ ಗಾತ್ರದ ನ್ಯೂಜಿಲೆಂಡ್ ಕೆಸರು ಬಸವನಹುಳು 1987ರಲ್ಲಿ ಐಡಾಹೊದ ಸ್ನೇಕ್ ನದಿಯಲ್ಲಿ ಕಾಣಿಸಿತು, 2000ದಲ್ಲಿ ಕ್ಯಾಲಿಫೋರ್ನಿಯಾದ ಓವನ್ಸ್ ನದಿ ಸೇರಿತು. ಗಂಡಿನ ನೆರವಿಲ್ಲದೆ ಮರಿ ಹಾಕಬಲ್ಲ ಆ ಹುಳು, ಮೀನು ಹಿಡಿಯುವವರ ಬೂಟಿಗೆ ಒಂದೇ ಒಂದು ಅಂಟಿ ಬಂದರೂ ಸಾಕು, ಹೊಳೆಯೊಂದನ್ನು ತುಂಬಿಬಿಡಬಲ್ಲದು. ಮೀನಿನ ಹೊಟ್ಟೆಯೊಳಗೆ ಹೋಗಿಯೂ ಜೀವಂತ ಹೊರಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೊಲ್ಲಿಯಿಂದ ಒಳನಾಡಿನಲ್ಲಿರುವ ಸ್ಟಾಕ್ಟನ್ ಬಂದರಿನಲ್ಲಿ ಚಿನ್ನದ ಬಣ್ಣದ ಏಷ್ಯಾದ ಚಿಪ್ಪುಜೀವಿಯೊಂದು ಉತ್ತರ ಅಮೆರಿಕದಲ್ಲೇ ಮೊದಲ ಬಾರಿಗೆ ಸಿಕ್ಕಿದಾಗ ನೀರು ಸರಬರಾಜು ಸಂಸ್ಥೆಗಳು ಬೆಚ್ಚಿಬಿದ್ದವು, ಕೊಳವೆಗಳನ್ನು ಕಟ್ಟಿಬಿಡುವ ಜೀವಿಯದು. ಓಕ್ಲ್ಯಾಂಡ್ ಬಂದರಿಗೆ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಟೇನರ್‌ಗಳಷ್ಟು ಸರಕು ಬಂದು ಹೋಗುತ್ತದೆ. ಇಷ್ಟು ಸಂಚಾರವಿರುವ ಕಡೆ ಬಾಗಿಲಲ್ಲೇ ತಡೆಯುವ ತಪಾಸಣೆಗೆ ಹಣ ಹಾಕುವುದು, ಒಳನುಗ್ಗಿದ ಮೇಲೆ ಹೋರಾಡುವುದಕ್ಕಿಂತ ಎಷ್ಟೋ ಅಗ್ಗ. ಆ ತಪಾಸಣೆಗೂ ಬೇಕಾದವರು ಚಿಪ್ಪು ನೋಡಿ ಹೆಸರು ಹೇಳಬಲ್ಲವರೇ.

ಕಾನೂನಿನ ಕಡೆಯಿಂದ ಕ್ಯಾಲಿಫೋರ್ನಿಯಾ ನಮಗೆ ಕಲಿಸುವುದಿದೆ. ಅಲ್ಲಿನ ಟ್ರಿನಿಟಿ ಕೌಂಟಿಯ ಕಣಿವೆಗಳಲ್ಲಷ್ಟೇ ಇರುವ, ಚಿಪ್ಪಿನ ಮೇಲೆ ರೋಮಗಳಿರುವ ನೆಲದ ಬಸವನಹುಳುವೊಂದನ್ನು 1980ರಲ್ಲೇ ಅಪರೂಪದ ಪ್ರಾಣಿಯೆಂದು ರಾಜ್ಯ ಪಟ್ಟಿಗೆ ಸೇರಿಸಿತು. ನಾಲ್ಕು ಜಾತಿಯ ದುಂಬಿಗಳಿಗೆ ರಕ್ಷಣೆ ಕೊಡಬಹುದೇ ಎಂಬ ಮೊಕದ್ದಮೆ ದಶಕಗಳ ನಂತರ ಬಂದಾಗ, ಬಾದಾಮಿ ಬೆಳೆಗಾರರ ಒಕ್ಕೂಟ ಮೊದಲಾದವರು ಕಾನೂನಿನಲ್ಲಿ ಕೀಟಗಳ ಹೆಸರೇ ಇಲ್ಲವೆಂದು ವಾದಿಸಿದರು. 2022ರ ಮೇ 31ರಂದು ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಕಾನೂನು ರಕ್ಷಿಸುವ ಜೀವಿಗಳಲ್ಲಿ ಮೀನುಗಳಿವೆ, ಮೀನು ಎಂಬುದಕ್ಕೆ ರಾಜ್ಯದ ಸಂಹಿತೆ ಕೊಟ್ಟಿರುವ ವಿವರಣೆಯಲ್ಲಿ ಮೃದ್ವಂಗಿಗಳೂ ಬೆನ್ನೆಲುಬಿಲ್ಲದ ಜೀವಿಗಳೂ ಸೇರಿವೆ. ನೆಲದ ಬಸವನಹುಳುವಿಗೆ ಹಿಂದೆಯೇ ರಕ್ಷಣೆ ಸಿಕ್ಕಿರುವುದು ಆ ವಿವರಣೆ ನೀರಿನ ಜೀವಿಗಳಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಸಾಕ್ಷಿ ಎಂದಿತು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಬರೆದವು. ನನಗೆ ಅದರಲ್ಲಿ ಕಾಣುವುದು ಬೇರೆ: ಯಾರೂ ಗಮನಿಸದ ಹುಳುವೊಂದರ ಹೆಸರು ಪಟ್ಟಿಯಲ್ಲಿದ್ದುದರಿಂದ ನಲವತ್ತು ವರ್ಷಗಳ ಮೇಲೆ ದುಂಬಿಗಳಿಗೆ ಬಾಗಿಲು ತೆರೆಯಿತು. ಸಮುದ್ರವೇ ಇಲ್ಲದ ಆಲ್ಪ್ಸ್ ದೇಶ ಸ್ವಿಟ್ಜರ್ಲೆಂಡ್ 2012ರಲ್ಲಿ ತನ್ನ ಬಸವನಹುಳುಗಳ, ಚಿಪ್ಪುಜೀವಿಗಳ ಕೆಂಪು ಪಟ್ಟಿ ಹೊರತಂದಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2001ರಲ್ಲಿ 24 ಮೃದ್ವಂಗಿಗಳು ಸೇರಿದವು, ಎಲ್ಲವೂ ಕಡಲಿನವು.

ವಿಷಕ್ಕಿಂತ ಮೊದಲು ಗುರುತು ಎಂಬ ನನ್ನ ವಾದಕ್ಕೆ ಎರಡು ಆಕ್ಷೇಪಗಳು ಗಂಭೀರವಾಗಿ ಬರುತ್ತವೆ. ಮೊದಲನೆಯದು ಬೆಳೆಗಾರರದು. ಬ್ರಿಟಿಷ್ ಅಧಿಕಾರಿ ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದುಬಿಟ್ಟ ಆಫ್ರಿಕಾದ ದೈತ್ಯ ಬಸವನಹುಳು ಇಂದು ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳವರೆಗೆ ಬಂದಿದೆ. ಮಳೆಗಾಲದಲ್ಲಿ ಗಿಡದ ತೊಗಟೆ ಕೆರೆದು ತಿನ್ನುವ ಸಾವಿರಾರು ಹುಳುಗಳ ನಡುವೆ ನಿಂತ ರೈತನಿಗೆ ಜಾತಿ ಗುರುತಿಸು ಎಂದು ಬೋಧಿಸುವುದು ಕ್ರೌರ್ಯವಲ್ಲವೇ? ಈ ಸಂಕಟ ನಿಜವಾದದ್ದು, ಆ ಹುಳುವನ್ನು ತೋಟದಿಂದ ತೆಗೆಯಲೇಬೇಕು. ಆದರೆ ಗುರುತು ಹಿಡಿಯುವುದು ಇಲ್ಲಿ ಕಷ್ಟವೇ ಅಲ್ಲ. ಬೆಳೆದ ದೈತ್ಯ ಹುಳುವಿನ ಉದ್ದನೆಯ ಮೊನಚು ಚಿಪ್ಪು, ಅದರ ಮೇಲಿನ ಕಂದು ಪಟ್ಟೆ ಒಮ್ಮೆ ತೋರಿಸಿದರೆ ಶಾಲೆಯ ಮಕ್ಕಳೂ ಮರೆಯುವುದಿಲ್ಲ. ಪಪ್ಪಾಯಿ ಎಲೆ, ಎಲೆಕೋಸು, ಒದ್ದೆ ಗೋಣಿಚೀಲ ಹಾಕಿ ಸೆಳೆದು ಮುಂಜಾನೆ ಕೈಯಿಂದ ಆಯ್ದು ನಾಶಮಾಡುವ ವಿಧಾನ ಆ ಹುಳುವನ್ನಷ್ಟೇ ಹಿಡಿಯುತ್ತದೆ. ಊರಿನವರೆಲ್ಲ ಒಟ್ಟಿಗೆ ಮಾಡಿದರೆ ಫಲವೂ ಹೆಚ್ಚು. ಮೆಟಾಲ್ಡಿಹೈಡ್ ಗುಳಿಗೆ ಮಾತ್ರ ತಿಂದ ಹುಳುವನ್ನೆಲ್ಲ ಕೊಲ್ಲುತ್ತದೆ, ನಾಯಿಗೂ ವಿಷ. ಕಾಡಂಚಿನ ತೋಟದಲ್ಲಿ ಅದನ್ನು ಎರಚಿದರೆ, ಪಶ್ಚಿಮ ಘಟ್ಟದ ಮಳೆಕಾಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಬಸವನಹುಳುಗಳ ತರಗೆಲೆಗೇ ವಿಷ ಬಿದ್ದಂತೆ.

ಎರಡನೆಯ ಆಕ್ಷೇಪ ಅನಿವಾಸಿ ಕನ್ನಡಿಗರ ಕಿವಿಗೆ ಹೆಚ್ಚು ನಾಟುವಂಥದು. ‘ಹೊರಗಿನದು’, ‘ಒಳಗಿನದು’ ಎಂಬ ಭಾಷೆ ಮನುಷ್ಯರ ಮೇಲೂ ಪ್ರಯೋಗವಾಗುವ ಈ ಕಾಲದಲ್ಲಿ ಹುಳುಗಳ ವಿಚಾರಕ್ಕೂ ಅದೇಕೆ ಎಂದು ಕೇಳುವುದು ಸರಿಯೇ. ನನ್ನ ಉತ್ತರವಿಷ್ಟು. ಹುಟ್ಟಿದ ಊರು ತಪ್ಪಲ್ಲ. ಕಂದು ಬಸವನಹುಳುವನ್ನು ಕ್ಯಾಲಿಫೋರ್ನಿಯಾದಿಂದ ಬೇರುಸಹಿತ ಕೀಳಬೇಕೆಂದು ಯಾರೂ ಹೇಳುತ್ತಿಲ್ಲ. ನೂರೆಪ್ಪತ್ತು ವರ್ಷಗಳ ನಂತರ ಅದು ಆಗುವ ಕೆಲಸವೂ ಅಲ್ಲ. ಹೊಸದಾಗಿ ಬಂದದ್ದು ಇನ್ನೊಂದನ್ನು ಇಲ್ಲವಾಗಿಸುತ್ತದೆಯೇ ಎಂಬುದೊಂದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಮನುಷ್ಯರು ವಲಸೆ ಹೋದ ಊರಿನ ಭಾಷೆ ಕಲಿಯುತ್ತಾರೆ, ಕಾನೂನಿಗೆ ಒಳಪಡುತ್ತಾರೆ, ಅಲ್ಲಿನವರೊಂದಿಗೆ ಸೇರಿ ಬಾಳುತ್ತಾರೆ. ಒಂದೇ ಗುಡ್ಡದಲ್ಲಿ ಬಾಳುವ ಹುಳುವಿಗೆ ಆ ಗುಡ್ಡ ತಪ್ಪಿದರೆ ಹೋಗಲು ಇನ್ನೊಂದು ನೆಲೆಯಿಲ್ಲ.

ನಮ್ಮ ನಾಡಿನಲ್ಲಿ ಇಂಥ ಹುಳುಗಳು ಎಷ್ಟಿವೆಯೆಂದು ಈಗೀಗ ತಿಳಿಯುತ್ತಿದೆ. ಕ್ರೆಮ್ನೊಕಾಂಕಸ್ ಎಂಬ ಕುಲದ ಬಂಧುಗಳೆಲ್ಲ ಕಡಲಂಚಿನಲ್ಲಿ ಬಾಳುವವು; ಇದೊಂದು ಕುಲ ಮಾತ್ರ ಸಿಹಿನೀರಿಗೆ ಒಗ್ಗಿ ಪಶ್ಚಿಮ ಘಟ್ಟದ ಅಬ್ಬಿಗಳ ಬಂಡೆಗಳನ್ನೇರಿದೆ. ವಿಜ್ಞಾನಿ ಬ್ಲಾನ್‌ಫರ್ಡ್ 1869ರಲ್ಲಿ ಅದಕ್ಕೆ ಹೆಸರಿಟ್ಟ ಮೇಲೆ ಮಹಾರಾಷ್ಟ್ರದ ಮೂರು ಜಾತಿಗಳಷ್ಟೇ ಸರಿಯಾಗಿ ಗೊತ್ತಿದ್ದವು. 2013ರಲ್ಲಿ ಡೇವಿಡ್ ರೀಡ್ ಅವರೊಂದಿಗೆ ನಮ್ಮವರೇ ಆದ ಎನ್.ಎ. ಮಧ್ಯಸ್ಥ ಮತ್ತು ಅರವಿಂದ ಮಧ್ಯಸ್ಥ ಕರ್ನಾಟಕದ ಘಟ್ಟಗಳಿಂದ ಆರು ಹೊಸ ಜಾತಿಗಳನ್ನು ವರ್ಣಿಸಿದರು. ಒಂದಕ್ಕೆ ಆಗುಂಬೆಯ ಹೆಸರಿದೆ. ಅಬ್ಬಿಯ ಮೇಲ್ಗಡೆ ನೀರು ತಿರುಗಿಸಿದರೆ ಬಂಡೆ ಒಣಗುತ್ತದೆ, ಅಲ್ಲಿನ ಹುಳುಗಳ ಬದುಕು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿ ಇಟ್ಟಿರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಬಸವನಹುಳುಗಳಿಗೂ ಒಂದು ಪುಟವಿರಲಿ. ಘಟ್ಟದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕಳಿಸಲಿ. ಓಕ್ಲ್ಯಾಂಡ್‌ನ ಪಕ್ಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಐ-ನ್ಯಾಚುರಲಿಸ್ಟ್ ಇಂದು ಯಾರ ಫೋನಿನಲ್ಲಾದರೂ ತೆರೆದುಕೊಳ್ಳುತ್ತದೆ. ಚಿತ್ರ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ಅಲ್ಲಿರುವ ಕನ್ನಡಿಗರಾಗಲಿ, ಇಲ್ಲಿಯ ಬೆಳೆಗಾರರಾಗಲಿ, ಗುಳಿಗೆಯ ಪೊಟ್ಟಣ ಒಡೆಯುವ ಮೊದಲು ಗಿಡದ ಮೇಲಿನ ಹುಳುವಿನ ಒಂದು ಚಿತ್ರ ತೆಗೆದು, ಅದು ಯಾವುದೆಂದು ಕೇಳಿಕೊಳ್ಳಿ.