ಪಡಿಯಚ್ಚಿನ ಮಾತು

ಮೈಸೂರಿನಲ್ಲಿ ಹೊಸ ಮನೆ ಕಟ್ಟಿಸಿದ ಮಿತ್ರರೊಬ್ಬರು ಮೊನ್ನೆ ನನ್ನನ್ನು ಕರೆದೊಯ್ದು ನಡುಮನೆಯ ಗೋಡೆಯನ್ನು ತೋರಿಸಿದರು. ರಾಜಾ ರವಿವರ್ಮನ ಹನ್ನೊಂದು ಮಂದಿ ಗಾಯಕಿಯರ ಚಿತ್ರ ಅಲ್ಲಿ ತೂಗುತ್ತಿತ್ತು. ಮೂಲಚಿತ್ರವಿರುವುದು ಅದೇ ಊರಿನ ಜಗನ್ಮೋಹನ ಅರಮನೆಯಲ್ಲಿ. ಇದು ಇಂಕ್‌ಜೆಟ್ ಯಂತ್ರವು ಕ್ಯಾನ್ವಾಸಿನ ಮೇಲೆ ಇಳಿಸಿದ ಪ್ರತಿ. ವರ್ಣಗಳು ಮನೋಹರವಾಗಿದ್ದುವೆಂಬುದನ್ನು ಮರೆಮಾಚಲಾರೆ. ಆದರೆ ಜೊತೆಗಿದ್ದ ಪ್ರಮಾಣಪತ್ರದಲ್ಲಿ ‘ಅಸಲಿ ಜಿಕ್ಲೆ, ಸೀಮಿತ ಆವೃತ್ತಿ’ ಎಂದು ಬರೆದಿತ್ತು. ಶಾಯಿ ಯಾವುದು, ಅಚ್ಚಾದದ್ದು ಎಂದು, ಯಾರ ಕೈಯಿಂದ, ಒಂದಕ್ಷರವೂ ಇಲ್ಲ.

ಶಬ್ದದ ಬೆನ್ನು ಹತ್ತುವುದು ಕನ್ನಡ ಮೇಷ್ಟರ ಚಾಳಿ. ಗಾಯಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಮುದ್ರಣಶಾಲೆಯಲ್ಲಿದ್ದ ಜ್ಯಾಕ್ ಡುಗಾನ್ ಎಂಬಾತ 1991ರಲ್ಲಿ ಈ ಪದವನ್ನು ಟಂಕಿಸಿದ. ಫ್ರೆಂಚಿನಲ್ಲಿ ಅದರ ಧಾತುವಿಗೆ ‘ಚಿಮ್ಮು’ ಎಂದಷ್ಟೇ ಅರ್ಥ! ಅವರ ಐರಿಸ್ ಯಂತ್ರವು ಅಚ್ಚುಕೂಟಗಳು ಕರಡು ನೋಡಿಕೊಳ್ಳುವುದಕ್ಕೆಂದು ಹುಟ್ಟಿದ್ದು. ಆಫೀಸಿನ ವಾಸನೆಯ ಹೆಸರಿನಿಂದ ಕಲೆಯನ್ನು ಮಾರುವುದು ಕಷ್ಟವೆಂದು ಈ ಉಡುಪು ತೊಡಿಸಿದರು. ಆ ಕಾಲದ ಶಾಯಿ ಬೆಳಕಿಗೆ ಬೇಗ ಮಾಸುತ್ತಿತ್ತು. ಈಗ ವರ್ಣಕಣಗಳ ಶಾಯಿಯೂ ಆಮ್ಲರಹಿತವಾದ ಹತ್ತಿಯ ಕಾಗದವೂ ಬಂದು, ಒಳ್ಳೆಯ ಪ್ರತಿ ಹಲವು ದಶಕ ಬಾಳಬಲ್ಲದು. ಆದರೆ ಒಳ್ಳೆಯದಕ್ಕೂ ಕಳಪೆಗೂ ಹೆಸರು ಒಂದೇ. ಇನ್ನು ‘ಸೀಮಿತ’ವೆಂಬ ಮಾತು: ತಾಮ್ರದ ಫಲಕ ಒತ್ತಿದಷ್ಟೂ ಸವೆಯುತ್ತದೆ, ಗಣಕದ ಕಡತಕ್ಕೆ ಸವಕಳಿಯೆಲ್ಲಿ? ಮಾರುವವನ ನಾಲಗೆಯೊಂದೇ ಅದಕ್ಕೆ ಮಿತಿ.

ಪ್ರತಿಯೆಂದರೆ ಕೀಳೆಂಬುದು ನನ್ನ ಮತವಲ್ಲ. ರವಿವರ್ಮನೇ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದು ತನ್ನ ದೇವತೆಗಳನ್ನು ಬಡವರ ಗೋಡೆಗೆ ಕಳುಹಿಸಿದವನು. ಅದಕ್ಕಿಂತ ದೊಡ್ಡ ನಿದರ್ಶನ ವೆನಿಸ್ಸಿನದು. ಸಾನ್ ಜಾರ್ಜೊ ಮಜೋರೆ ಮಠದ ಭೋಜನಶಾಲೆಗೆಂದು ವೆರೊನೇಸೆ 1563ರಲ್ಲಿ ಮುಗಿಸಿದ ‘ಕಾನಾದ ಮದುವೆ’ಯನ್ನು ನೆಪೋಲಿಯನ್ನನ ಸೇನೆ 1797ರಲ್ಲಿ ತುಂಡರಿಸಿ ಪ್ಯಾರಿಸ್ಸಿಗೆ ಹೊತ್ತೊಯ್ದಿತು. ಅದು ಹಿಂದಿರುಗಲಿಲ್ಲ. ಫಾಕ್ಟುಂ ಆರ್ಟೆ ಸಂಸ್ಥೆಯವರು ಲೂವ್ರ್ ಸಂಗ್ರಹಾಲಯದಲ್ಲಿ ಅದನ್ನು ಅಂಗುಲಂಗುಲವಾಗಿ ದಾಖಲಿಸಿಕೊಂಡು, ಮೂಲದಂತೆಯೇ ಹದಗೊಳಿಸಿದ ಬಟ್ಟೆಯ ಮೇಲೆ ಶಾಯಿ ಚಿಮ್ಮಿಸಿ, ಪಟ್ಟಿಗಳನ್ನು ಜೋಡಿಸಿ, ಕೈಯಿಂದ ತಿದ್ದಿ, 2007ರಲ್ಲಿ ಹಳೆಯ ಗೋಡೆಗೇ ಏರಿಸಿದರು. ಸುಮಾರು ಹತ್ತು ಮೀಟರು ಅಗಲದ ಚಿತ್ರ! ಮೂಲವು ಮೋನಾ ಲೀಸಾಳ ಎದುರಿನ ಜನಜಂಗುಳಿಯಲ್ಲಿ ನಿಂತಿದೆ. ಪ್ರತಿಯು ಚಿತ್ರಕಾರನು ಎಣಿಸಿದ್ದ ಬೆಳಕಿನಲ್ಲಿದೆ. ಎಲ್ಲಿ ನಿಂತು ನೋಡಿದರೆ ವೆರೊನೇಸೆ ಹೆಚ್ಚು ತಿಳಿದಾನೆಂಬುದಕ್ಕೆ ಉತ್ತರ ಸುಲಭವಲ್ಲ. ಆದರೆ ತಾನು ಪ್ರತಿಯೆಂಬುದನ್ನು ಅದು ಯಾರಿಂದಲೂ ಬಚ್ಚಿಟ್ಟಿಲ್ಲ.

ನಮ್ಮ ಓಲೆಗರಿಯ ಲಿಪಿಕಾರರೂ ಹಾಗೆಯೇ. ಕಾವ್ಯ ಮುಗಿದಲ್ಲಿ ಎಷ್ಟೋ ಮಂದಿ ತಮ್ಮ ಹೆಸರು, ಪ್ರತಿಮಾಡಿದ ಸಂವತ್ಸರ, ತಿಥಿಗಳನ್ನು ಬರೆದು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರೆಂದು ಬಿನ್ನವಿಸುತ್ತಿದ್ದರು. ಕವಿಯ ಪಟ್ಟಕ್ಕೆ ಅವರು ಕೈಚಾಚಲಿಲ್ಲ. ‘ಪಡಿಯಚ್ಚು’ ಎಂಬ ಅಚ್ಚಗನ್ನಡದ ಮಾತಿರುವಾಗ ಫ್ರೆಂಚರಿಂದ ಸಾಲವೇಕೆ?

ಇಷ್ಟನ್ನೂ ಕೇಳಿದ ಮಿತ್ರರು ಅಂಗಡಿಗೆ ಫೋನು ಮಾಡಿದರು. ಶಾಯಿಯ ವಿಚಾರ ಅಲ್ಲಿ ಯಾರಿಗೂ ತಿಳಿಯದು. ಕೊನೆಗೆ ಚಿತ್ರವನ್ನಿಳಿಸಿ ನನ್ನ ಕೈಗೇ ಪೆನ್ನು ಕೊಟ್ಟರು. ಅದರ ಬೆನ್ನ ಮೇಲೆ ‘ಪಡಿಯಚ್ಚು’ ಎಂದೂ, ಕೊಂಡ ದಿನಾಂಕವನ್ನೂ, ಮೂಲವಿರುವ ಸ್ಥಳವನ್ನೂ ಬರೆದೆ. ಶಾಯಿಯ ಹೆಸರಿಗೆಂದು ಬಿಟ್ಟ ಜಾಗ ಇನ್ನೂ ಖಾಲಿಯಾಗಿಯೇ ಇದೆ.