ಹೊತ್ತವಳ ಪಾಲಿಗೆ ಬರೀ ಪರೋಪಕಾರ

ಬಡ ಹೆಂಗಸರ ಗರ್ಭದ ವ್ಯಾಪಾರಕ್ಕೆ ಕಡಿವಾಣ ಬೇಕೇ ಇತ್ತು. ಗುಜರಾತಿನ ಆಣಂದ ಅದಕ್ಕೆ ಹೆಸರಾಗಿತ್ತು. ಆದರೆ 2022ರ ಜನವರಿಯಲ್ಲಿ ಜಾರಿಗೆ ಬಂದ ಬಾಡಿಗೆ ತಾಯ್ತನ ಕಾಯ್ದೆ ಹಿಡಿದ ದಾರಿ ವಿಚಿತ್ರ. ವೈದ್ಯರಿಗೆ ಶುಲ್ಕ, ಲ್ಯಾಬಿಗೆ ಶುಲ್ಕ, ವಕೀಲರಿಗೂ ಶುಲ್ಕ. ಒಂಬತ್ತು ತಿಂಗಳು ಹೊತ್ತವಳಿಗೆ ಮಾತ್ರ ವೈದ್ಯಕೀಯ ಹಾಗೂ ನಿಯಮ ಒಪ್ಪುವ ಖರ್ಚು, 36 ತಿಂಗಳ ವಿಮೆ. ತಂಗಿಯೋ ನಾದಿನಿಯೋ ಮನೆಯವರ ಒತ್ತಡಕ್ಕೆ ಮಣಿದು ‘ಪರೋಪಕಾರ’ಕ್ಕೆ ಒಪ್ಪಿದರೆ ಅದನ್ನು ಪತ್ತೆ ಹಚ್ಚುವವರು ಯಾರು?

ಅರ್ಹತೆಯ ಗೆರೆಗಳೂ ಒಗಟಿನಂತಿವೆ. ಅವಿವಾಹಿತೆ ಐವಿಎಫ್ ಮೂಲಕ ತಾಯಿಯಾಗಬಹುದು, ಬಾಡಿಗೆ ತಾಯಿಯ ನೆರವು ಪಡೆಯುವಂತಿಲ್ಲ. 35ರಿಂದ 45ರೊಳಗಿನ ವಿಧವೆ, ವಿಚ್ಛೇದಿತೆಗೆ ಅವಕಾಶವುಂಟು. ಮಗನನ್ನು ಕಳೆದುಕೊಂಡ ದಂಪತಿಗೆ ಗಂಡನ ವಯಸ್ಸು 55 ದಾಟಿದ್ದೇ ತೊಡಕಾದಾಗ, ವಂಶವಾಹಿ, ದೇಹಬಲ, ಆರ್ಥಿಕ ಸ್ಥಿತಿ ಮೂರನ್ನೂ ಪರೀಕ್ಷಿಸಬೇಕೆಂದು ಕರ್ನಾಟಕ ಹೈಕೋರ್ಟ್ 2023ರಲ್ಲಿ ದಾರಿ ತೋರಿತು. ಕಾಯ್ದೆಗೆ ಮೊದಲೇ ಭ್ರೂಣ ಶೈತ್ಯೀಕರಿಸಿಟ್ಟವರಿಗೆ ವಯೋಮಿತಿ ಅನ್ವಯಿಸದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗೆ ಒಬ್ಬೊಬ್ಬರೇ ಕೋರ್ಟಿನ ಮೆಟ್ಟಿಲು ಹತ್ತುವ ಬದಲು ಸಂಸತ್ತೇ ಕಲಮುಗಳನ್ನು ತಿದ್ದಬೇಕು. ಹೊತ್ತವಳು ಕಳೆದುಕೊಳ್ಳುವ ದುಡಿಮೆಯನ್ನು ತುಂಬಿಕೊಡುವುದರಿಂದಲೇ ಅದು ಶುರುವಾಗಲಿ.