ಪಂಡಿತರ ಕತ್ತರಿ

1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಅಂಕಿತ ಹಾಕಿದವರು 56 ಮಂದಿ. ಅವರೆಲ್ಲರ ಹಸ್ತಾಕ್ಷರಗಳನ್ನೂ ಒಂದೆಡೆ ಕೂಡಿಸಬೇಕೆಂಬ ಹಂಬಲ ಆ ದೇಶದ ಸಂಗ್ರಾಹಕರನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ಬಿಡದೆ ಹಿಡಿದಿದೆ. ಜೆಫರ್ಸನ್, ಫ್ರಾಂಕ್ಲಿನ್ ಮೊದಲಾದವರ ಪತ್ರಗಳು ಹಣವುಳ್ಳವರಿಗೆ ದೊರೆತಾವು. ಸುಲಭಕ್ಕೆ ದೊರೆಯದಿರುವುದು ಜಾರ್ಜಿಯಾದ ಬಟನ್ ಗ್ವಿನೆಟ್ ಎಂಬವನ ಸಹಿ. ಘೋಷಣೆಯ ಮರುವರ್ಷವೇ, 1777ರ ಮೇ ತಿಂಗಳಲ್ಲಿ, ಈತ ದ್ವಂದ್ವಯುದ್ಧದಲ್ಲಿ ಗುಂಡೇಟು ತಗುಲಿ ಸತ್ತ. ಆತನ ಸಹಿಯುಳ್ಳ ಕಾಗದಗಳು ಐವತ್ತರ ಆಸುಪಾಸಿನಲ್ಲಿ ಮಾತ್ರ ಉಳಿದಿವೆ. ಬದುಕಿದ್ದಾಗ ಸಾಲದಲ್ಲಿ ತೊಳಲಿದವನ ಸಹಿಯಿದ್ದ ಒಂದು ಪತ್ರ 1927ರಲ್ಲಿ 51,000 ಡಾಲರಿಗೆ ಹರಾಜಾಯಿತು.

ಬೆಲೆ ಬಂದಲ್ಲಿ ಖೋಟಾ ಬಾರದಿದ್ದೀತೆ? ರಾಬರ್ಟ್ ಸ್ಪ್ರಿಂಗ್ ಎಂಬಾತ ಫಿಲಡೆಲ್ಫಿಯಾದಲ್ಲಿ ಕುಳಿತು ವಾಷಿಂಗ್ಟನ್ನರ ಸಹಿಯನ್ನು ಬರೆದು ಬರೆದು ಮಾರಿದ. ಕಾಗದಕ್ಕೆ ಮುಪ್ಪು ಬರಿಸಲು ಕಾಫಿಯ ಗಸಿಯನ್ನು ಬಳಸುತ್ತಿದ್ದನಂತೆ. ಈಗ ಅವನ ಖೋಟಾ ಕಾಗದಗಳನ್ನೂ ಕೊಳ್ಳುವವರಿದ್ದಾರೆ!

ಆದರೆ ನಮ್ಮನ್ನು ಚಿಂತೆಗೀಡುಮಾಡಿದವರು ಖೋಟಾಗಾರರಲ್ಲ, ಸಜ್ಜನರು. 56 ಸಹಿಗಳನ್ನೂ ಮೊದಲು ಕೂಡಿಸಿದ ಕೀರ್ತಿ ಆಲ್ಬನಿಯ ಪಾದ್ರಿ ವಿಲಿಯಂ ಸ್ಪ್ರೇಗ್ ಅವರದು. ತರುಣರಾಗಿದ್ದಾಗ ಅವರು ವಾಷಿಂಗ್ಟನ್ನರ ಬಂಧುಗಳ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಆಗ ವಾಷಿಂಗ್ಟನ್ನರ ಸೋದರನ ಮಗ ಬುಷ್‌ರಾಡ್ ಅವರು, ನಕಲನ್ನು ಬರೆದಿಟ್ಟು ಮೂಲಪತ್ರವನ್ನು ಒಯ್ಯಬಹುದೆಂದು ಅನುಮತಿಯಿತ್ತರು. ಹೀಗೆ ಸಾವಿರಕ್ಕೂ ಮಿಕ್ಕಿದ ಪತ್ರಗಳು ಹೊರಟುಹೋದವು. ಅನುಮತಿಯಿತ್ತೆಂಬುದು ನಿಜ, ಆದರೂ ಮನೆಯ ಮೇಷ್ಟರು ಅಷ್ಟನ್ನು ಒಯ್ಯಬಾರದಿತ್ತೆಂದೇ ನಮಗೆ ತೋರುತ್ತದೆ.

ಜೇರೆಡ್ ಸ್ಪಾರ್ಕ್ಸ್ ಅವರದು ಇನ್ನೂ ವಿಚಿತ್ರ. ಇತಿಹಾಸಕಾರರು, ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದವರು, ವಾಷಿಂಗ್ಟನ್ನರ ಬರಹಗಳನ್ನು ಹನ್ನೆರಡು ಸಂಪುಟಗಳಲ್ಲಿ ಸಂಪಾದಿಸಿದವರು. 1789ರ ಅಧಿಕಾರ ಸ್ವೀಕಾರಕ್ಕಾಗಿ ಸಿದ್ಧವಾಗಿ, ಕೊನೆಗೆ ಓದದೆ ಬಿಟ್ಟ ದೀರ್ಘ ಭಾಷಣವೊಂದು ವಾಷಿಂಗ್ಟನ್ನರ ಸ್ವಂತ ಕೈಬರಹದಲ್ಲಿ ಅವರಿಗೆ ದೊರೆಯಿತು. ಪ್ರಕಟಿಸಲು ತಕ್ಕುದಲ್ಲವೆಂದು ಬಗೆದು, ಹಸ್ತಾಕ್ಷರ ಬೇಡಿ ಬಂದವರಿಗೆಲ್ಲ ಅದನ್ನು ಕತ್ತರಿಸಿ ಕತ್ತರಿಸಿ ಹಂಚಿದರು. ಬೇಡವಾದ ಕರಡನ್ನು ಹರಿಯುವುದು ಉಪಾಧ್ಯಾಯರಾದ ನಮಗೂ ಹೊಸದಲ್ಲ. ಆದರೆ ಇದು ಅವರ ಕರಡಾಗಿರಲಿಲ್ಲ.

ಆ ಚೂರುಗಳು ಊರೂರಿಗೆ ಚದುರಿದವು. ಪಡೆದವರು ಅಂದವಾದ ಅಕ್ಷರವನ್ನು ನೋಡಿ ಹಿಗ್ಗಿದರೇ ಹೊರತು, ವಾಕ್ಯದ ಉಳಿದರ್ಧ ಎಲ್ಲಿದೆಯೆಂದು ಕೇಳಲಿಲ್ಲ. ಮುಂದಿನ ವಿದ್ವಾಂಸರು ಸಿಕ್ಕಷ್ಟು ಚೂರುಗಳನ್ನು ಹುಡುಕಿ ಜೋಡಿಸಿ ಅಚ್ಚುಮಾಡಿದ್ದಾರೆ. ನಡುನಡುವೆ ಖಾಲಿ ಜಾಗಗಳು ಹಾಗೆಯೇ ಉಳಿದಿವೆ.